ಸಿಂಗಾಪುರದಲ್ಲಿ ಸೆರೆಸಿಕ್ಕ ಅಜ್ಜನ ಕಡತ ಹುಡುಕುವುದು ಹೇಗೆ

ಮೊದಲು ತೆರೆಯಬೇಕಾದದ್ದು ಮನೆಯ ಹಳೆಯ ಟ್ರಂಕು, ಕಂಪ್ಯೂಟರ್ ಆಮೇಲೆ. 1942ರ ಫೆಬ್ರುವರಿ 15ರಂದು ಸಿಂಗಾಪುರದಲ್ಲಿ ಬ್ರಿಟಿಷರು ಶರಣಾದಾಗ ನಮ್ಮ ಸಂಸ್ಥಾನದ ಮೊದಲನೆಯ ಮೈಸೂರು ಇನ್‌ಫೆಂಟ್ರಿಯವರೂ ಜಪಾನೀಯರ ಕೈಗೆ ಸಿಕ್ಕರು. ನನ್ನ ಅಜ್ಜನ ತಮ್ಮ ಅವರಲ್ಲೊಬ್ಬ. ನಾನು ಹುಡುಕಿದ ದಾರಿ ಇದು.

ಪಿಂಚಣಿ ಕಾಗದ, ತಾರು, ಹಳೆಯ ಪತ್ರ, ಯಾವುದರಲ್ಲಾದರೂ ಸೈನಿಕ ಸಂಖ್ಯೆ ಇದೆಯೇ ನೋಡಿ. ಹೆಸರೊಂದನ್ನೇ ನೆಚ್ಚಿ ಕೂರಬೇಡಿ. ನಂಜುಂಡಯ್ಯ ಎಂಬುದನ್ನು ಆ ಕಾಲದ ಗುಮಾಸ್ತರು ಮನಸ್ಸಿಗೆ ಬಂದಂತೆ ಬರೆದಿರುತ್ತಾರೆ.

ಬಳಿಕ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣ. ಉಚಿತ. ಪಡೆಯ ಹೆಸರು ಹಾಕಿ ಇಡೀ ಪಟ್ಟಿಯನ್ನೇ ತರಿಸಿಕೊಂಡು ಸಾಲುಸಾಲಾಗಿ ಓದಿ. ಸಮಾಧಿಯೇ ಗೊತ್ತಿಲ್ಲದ 24,000ಕ್ಕೂ ಹೆಚ್ಚು ಜನರ ಹೆಸರು ಸಿಂಗಾಪುರದ ಕ್ರಾಂಜಿಯಲ್ಲಿರುವ ಯುದ್ಧ ಸ್ಮಾರಕದಲ್ಲಿದೆ. ಸತ್ತ ದಿನಾಂಕ ಶರಣಾಗತಿಗಿಂತ ತೀರ ಈಚಿನದಾದರೆ ಸಾವು ಸೆರೆಯಲ್ಲಿ ಆಗಿರಬಹುದು. ಆಗಲೇ ಜಪಾನಿ ಸೈನಿಕರ ಯುದ್ಧಾಪರಾಧ ವಿಚಾರಣೆಯ ಕಡತಗಳಿಗೆ ಕೈಹಾಕಬೇಕು.

ಬ್ರಿಟಿಷರು 1946ರಿಂದ 48ರವರೆಗೆ ಸಿಂಗಾಪುರದಲ್ಲಿ 131 ವಿಚಾರಣೆ ನಡೆಸಿದರು. ಅವುಗಳಲ್ಲಿ ಮೊದಲನೆಯದೇ ಭಾರತೀಯ ಕೈದಿಗಳದ್ದು: ಪೆಸಿಫಿಕ್ ಸಾಗರದ ಪಲಾವು ದ್ವೀಪಗಳಿಗೆ ಸಾಗಿಸಲಾಗಿದ್ದವರ ಮೇಲಿನ ಹಿಂಸೆಗಾಗಿ ಜಪಾನಿ ಸೇನಾಧಿಕಾರಿ ಗೊಜಾವಾ ಸದಾಯಿಚಿ ಮತ್ತು ಇತರ ಒಂಬತ್ತು ಮಂದಿ ಕಟಕಟೆಗೆ ಬಂದರು. ಮೂಲ ಕಡತಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಡಬ್ಲ್ಯೂಓ (ವಾರ್ ಆಫೀಸ್, ಅಂದರೆ ಯುದ್ಧ ಇಲಾಖೆ) 235 ಸರಣಿಯಲ್ಲಿವೆ. ನ್ಯೂಗಿನಿಗೆ ಒಯ್ದವರದಾದರೆ ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರ, ಎ471 ಸರಣಿ. ಆ ದ್ವೀಪದ ವೆವಾಕ್ ಕಡೆಗೆ ಹೋದ ಸುಮಾರು 3,000 ಭಾರತೀಯರಲ್ಲಿ ಬದುಕಿ ಉಳಿದವರು ಬೆರಳೆಣಿಕೆಯಷ್ಟು. ಅವರಲ್ಲಿ ಹತ್ತು ಮಂದಿ ಬಿಡುಗಡೆಯಾದ ಮೇಲೆ, 1945ರ ನವೆಂಬರಿನಲ್ಲಿ, ಮನೆಗೆ ಹೊರಟ ದಾರಿಯಲ್ಲೇ ವಿಮಾನ ಬಿದ್ದು ಸತ್ತರು. ಸಾಕ್ಷಿ ಹೇಳಲೆಂದು ಹಿಂದೆಯೇ ಉಳಿದಿದ್ದ ಚಿಂತ್ ಸಿಂಗ್ ಒಬ್ಬರು ಬದುಕಿದರು. ನಿಮ್ಮ ಅಜ್ಜನ ಹೆಸರು ಕಡತದಲ್ಲಿ ಇರದಿದ್ದರೂ ಚಿಂತ್ ಸಿಂಗರ ಹೇಳಿಕೆಯನ್ನು ತಪ್ಪದೆ ಓದಿ.

ಓದುವಾಗ ಆರೋಪಪಟ್ಟಿಯನ್ನೇ ತೀರ್ಪೆಂದು ತಿಳಿಯಬೇಡಿ. ಸಾಕ್ಷ್ಯ, ಪ್ರತಿವಾದ, ತೀರ್ಪು, ಅದನ್ನು ಮೇಲಧಿಕಾರಿ ಖಾಯಂ ಮಾಡಿದನೋ ಶಿಕ್ಷೆ ಇಳಿಸಿದನೋ, ನಾಲ್ಕನ್ನೂ ನೋಡಿ. ಪ್ರತಿವಾದದ ಪುಟಗಳು ರಕ್ತ ಕುದಿಸುತ್ತವೆ: ಈ ಭಾರತೀಯರು ಯುದ್ಧಕೈದಿಗಳೇ ಅಲ್ಲ, ತಾವಾಗಿ ಜಪಾನಿ ಸೇನೆಗೆ ಸೇರಿದವರು ಎಂಬ ವಾದ. ಅದು ಗೆದ್ದರೆ ಹೊಡೆದದ್ದೂ ಕೊಂದದ್ದೂ ಬರೀ ಸೇನೆಯ ಒಳಗಿನ ಶಿಸ್ತಿನ ಮಾತಾಗಿಬಿಡುತ್ತದೆ. ಹಾಗಾಗಿ ನಿಮ್ಮವರು ಆಜಾದ್ ಹಿಂದ್ ಫೌಜಿಗೆ ಸೇರಿದ್ದರೋ ಇಲ್ಲವೋ ಎಂಬುದನ್ನು ಮನೆಯ ಹೆಮ್ಮೆಗೆ ಬಿಡದೆ ಕಾಗದದಿಂದಲೇ ತೀರ್ಮಾನಿಸಿ.

ಕ್ಯೂನಿಂದ ಪ್ರತಿ ತರಿಸಲು ಹಣ ತೆರಬೇಕು. ಸಿಂಗಾಪುರದ ವಿಚಾರಣೆಗಳ ಸಾರಾಂಶ ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ಓದಿ, ಸರಿಯಾದ ಕಡತ ಸಂಖ್ಯೆ ಗುರುತು ಮಾಡಿಕೊಂಡ ಮೇಲೆಯೇ ಅರ್ಜಿ ಹಾಕಿ.