ಕುಡಿತ ಬಿಡಿಸುವ ಬೇರು ಕೇಳಿ ಬಂದವರಿಗೆ ನಾನು ಮಾಡುವುದು

ಕೊರಟಗೆರೆ ಕಡೆ ಆಯುರ್ವೇದ ಕ್ಲಿನಿಕ್ ಇಟ್ಟವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. "ಡಾಕ್ಟ್ರೇ, ಸಿದ್ಧರಬೆಟ್ಟದಲ್ಲಿ ಕುಡಿತ ಬಿಡಿಸೋ ಬೇರು ಸಿಗುತ್ತಂತೆ. ಗೊತ್ತಾಗದ ಹಾಗೆ ಸಾರಿಗೆ ಬೆರೆಸಿಬಿಡ್ಲಾ?" ಕೇಳುವುದು ಹೆಂಡತಿ, ಇಲ್ಲಾ ತಾಯಿ. ಕುಡಿಯುವವನು ಮನೆಯಲ್ಲೇ ಇರುತ್ತಾನೆ.

"ಬೆರೆಸಬೇಡಿ ಅಮ್ಮ, ಅವರನ್ನೇ ಕರ್ಕೊಂಡು ಬನ್ನಿ" ಅನ್ನುತ್ತೇನೆ. ಕುಡಿತ ಬಿಡಿಸಲು ಡಾಕ್ಟರು ಬರೆದುಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಪುಡಿ ಮಾಡಿ ಊಟಕ್ಕೆ ಹಾಕುವವರೂ ಇದ್ದಾರೆ. ಅದರ ಮೇಲೆ ಕುಡಿದರೆ ವಾಂತಿಯಾಗಿ, ಬಿ.ಪಿ. ಕುಸಿದು, ಜೀವಕ್ಕೇ ಕುತ್ತು ಬರಬಹುದು.

ಬಂದವರಿಗೆ ನನ್ನ ಮೊದಲ ಪ್ರಶ್ನೆ, ಕೊನೇ ಸಲ ಕುಡಿದದ್ದು ಯಾವಾಗ? ಆಮೇಲೆ ಕೈ ಚಾಚಿ ಬೆರಳು ಅಗಲಿಸಲು ಹೇಳುತ್ತೇನೆ. ಬೆರಳ ತುದಿ ನಡುಗುತ್ತಾ, ಅಂಗೈ ಬೆವರಿದ್ದರೆ ನನ್ನ ಔಷಧಿ ಡಬ್ಬಿ ತೆಗೆಯುವುದೇ ಇಲ್ಲ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ಬಿಟ್ಟರೆ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಕೆಲವರು ಇಲ್ಲದ್ದನ್ನೆಲ್ಲ ಕಂಡು ಬಡಬಡಿಸುತ್ತಾರೆ. ಅದಕ್ಕೆ ಬೇಕಾದ್ದು ಆಸ್ಪತ್ರೆ, ನಡುಕ ತಡೆಯುವ ಮಾತ್ರೆ, ವಿಟಮಿನ್ ಬಿ1 ಇಂಜೆಕ್ಷನ್. ತುಮಕೂರಿಗೆ ಕಳಿಸುತ್ತೇನೆ. ತೀರಾ ಕಷ್ಟ ಅನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ.

ನನ್ನ ಕೆಲಸ ಶುರುವಾಗುವುದು ಅವರು ವಾಪಸ್ ಬಂದ ಮೇಲೆ. ನಿದ್ದೆ ಇರಲ್ಲ, ಊಟ ಸೇರಲ್ಲ, ಎಲ್ಲದಕ್ಕೂ ಸಿಡಿಮಿಡಿ. ಒಂದೆಲಗದ ಚಟ್ನಿ, ಮಜ್ಜಿಗೆ ಹಾಕಿದ ರಾಗಿ ಅಂಬಲಿ, ರಾತ್ರಿ ಹಾಲಿಗೆ ಅಶ್ವಗಂಧದ ಪುಡಿ. ಅಶ್ವಗಂಧ ಮಾತ್ರ ಲಿವರ್ ಟೆಸ್ಟ್ ರಿಪೋರ್ಟ್ ನೋಡದೆ ಕೊಡಲ್ಲ. ಅಪರೂಪಕ್ಕೆ ಅದರಿಂದಲೇ ಲಿವರ್ ಕೆಟ್ಟದ್ದುಂಟು, ಇವರದ್ದು ಮೊದಲೇ ಸೊರಗಿರುತ್ತದೆ.

ಹುಳಿ ಬರಿಸಿ ಮಾಡುವ ಆಸವ, ಅರಿಷ್ಟದಂಥ ಔಷಧಿ ಅಂತೂ ಖಂಡಿತ ಇಲ್ಲ. ಮದಾತ್ಯಯಕ್ಕೆ, ಅಂದರೆ ಕುಡಿತದಿಂದ ಬರುವ ಕಾಯಿಲೆಗೆ, ಮದ್ಯವನ್ನೇ ಕೊಡುವ ಕ್ರಮ ಚರಕ ಸಂಹಿತೆಯಲ್ಲಿದೆ, ನಿಜ. ಆದರೆ ಅರಿಷ್ಟ ಹುಳಿ ಬರುವಾಗ ತಾನಾಗಿಯೇ ಆಲ್ಕೋಹಾಲ್ ಹುಟ್ಟುತ್ತದೆ, ಬಾಟಲಿ ಮೇಲೇ ಬರೆದಿರುತ್ತದೆ. ಒಬ್ಬರು ಅಂಗಡಿಯಿಂದ ದ್ರಾಕ್ಷಾರಿಷ್ಟ ತಂದು ಒಂದೇ ಸಂಜೆಗೆ ಅರ್ಧ ಬಾಟಲಿ ಖಾಲಿ ಮಾಡಿ, "ಇದು ಔಷಧಿ ತಾನೇ ಡಾಕ್ಟ್ರೇ?" ಅಂತ ನಕ್ಕಿದ್ದರು. ಡೈಸಲ್ಫಿರಾಮ್ ತಗೊಳ್ಳುತ್ತಿದ್ದರೆ ಆ ನಗು ಇರುತ್ತಿರಲಿಲ್ಲ.

ಕಷಾಯವನ್ನೂ ಮನೆಗೆ ಕಟ್ಟಿಕೊಡಲ್ಲ. ಸಂತೆ ದಿನ, ಬಟವಾಡೆ ದಿನ, ಬಾರ್ ಬಾಗಿಲು ಕರೆಯುವ ಹೊತ್ತಿಗೇ ಕ್ಲಿನಿಕ್‌ಗೆ ಬಂದು ಕುಡಿದು ಹೋಗಿ ಅನ್ನುತ್ತೇನೆ. ಕುದಿಯಲು ಸುಮ್ನೆ ಅರ್ಧ ಗಂಟೆ ಜಾಸ್ತಿ ಬಿಡುತ್ತೇನೆ. ಅಷ್ಟು ಹೊತ್ತು ಮಾತಾಡಬಹುದು ಅಲ್ವಾ?