ಸಿಂಗಾಪುರಕ್ಕೆ ಹೊರಟ ಬೆಳಗಾವಿಯವರಿಗೆ: ‘ಮಾತೃಭಾಷೆ’ ಅಂತ ಏನು ಬರೆಸುತ್ತೀರಿ?

ಡಿಸೆಂಬರ್ ರಜೆಗೆ ಸಿಂಗಾಪುರದಿಂದ ಟಿಳಕವಾಡಿಯ ಮನೆಗೆ ಬಂದಾಗಲೆಲ್ಲ ಯಾರಾದರೂ ಕೇಳಲು ಬರುತ್ತಾರೆ. ಸಿಂಗಾಪುರದಲ್ಲಿ ಕೆಲಸ ಸಿಕ್ಕಿದೆ, ಮಕ್ಕಳ ಶಾಲೆ ಹೇಗೆ ಅಂತ. ಬಾಡಿಗೆ, ಸಂಬಳದ ಲೆಕ್ಕ ಮೊದಲೇ ಹಾಕಿರುತ್ತಾರೆ. ಭಾಷೆಯ ಬಗ್ಗೆ ಮಾತ್ರ ಯಾರೂ ಯೋಚಿಸಿರುವುದಿಲ್ಲ.

ಅಲ್ಲಿ ಶಾಲೆ ಶುರುವಾಗುವುದು ಜನವರಿಯಲ್ಲಿ. ಅಧಿಕೃತ ಭಾಷೆಗಳು ನಾಲ್ಕು: ಮಲಯ, ಮ್ಯಾಂಡರಿನ್, ತಮಿಳು, ಇಂಗ್ಲಿಷ್. 1987ರಿಂದ ಸರ್ಕಾರಿ ಶಾಲೆಗಳಲ್ಲೆಲ್ಲ ಪಾಠ ಇಂಗ್ಲಿಷಿನಲ್ಲಿ. ಅದರ ಜೊತೆಗೆ ಮಗು ಒಂದು ‘ಮಾತೃಭಾಷೆ’ ಕಲಿಯಬೇಕು.

ನಮ್ಮವರು ಎಡವುವುದು ಇಲ್ಲೇ. ಭಾರತೀಯ ಮಕ್ಕಳಿಗೆ ತಮಿಳು, ಇಲ್ಲವೇ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು. ಕನ್ನಡ ಇಲ್ಲ. ಮರಾಠಿಯೂ ಇಲ್ಲ. ಆ ಪಟ್ಟಿ ಮೊದಲ ಸಲ ನೋಡಿದಾಗ ನನಗೆ ಸಂಕಟವಾಯಿತು.

ನಮ್ಮ ಕಡೆಯವರಿಗೆ ಹಿಂದಿ ಸುಲಭ ಅನಿಸುತ್ತದೆ. ಓಣಿಯಲ್ಲಿ ಮರಾಠಿ ಕೇಳಿ ಬೆಳೆದ ಮಕ್ಕಳು, ದೇವನಾಗರಿ ಅಕ್ಷರವೂ ಹೊಸದಲ್ಲ, ಅಲ್ವಾ? ಮಗನಿಗೆ ನಾವೂ ಹಿಂದಿ ಕೊಡಿಸಿದೆವು. ಆದರೆ ಹಿಂದಿಗೆ ಎಷ್ಟೋ ಮಕ್ಕಳು ರಜೆಯ ದಿನ ಬೇರೆ ಕೇಂದ್ರಕ್ಕೆ ಹೋಗಬೇಕು. ತಮಿಳು ಬಹಳಷ್ಟು ಶಾಲೆಗಳಲ್ಲಿ ಶಾಲೆಯ ಹೊತ್ತಿನಲ್ಲೇ ನಡೆಯುತ್ತದೆ. ಮಗಳಿಗೆ ತಮಿಳು ಕೊಡಿಸಿದೆವು. ಹಾಲು ಅಲ್ಲಿ ಪಾಲ್, ಹುಲಿ ಪುಲಿ, ಹಲ್ಲು ಪಲ್. ‘ಹ’ ಇದ್ದಲ್ಲಿ ‘ಪ’ ಇಟ್ಟರೆ ಆಯ್ತು ಅಂತ ಅವಳೇ ಕಂಡುಕೊಂಡಳು! ಚಿಕ್ಕ ಮಗುವಾದರೆ ನಾನು ತಮಿಳೇ ಅನ್ನುತ್ತೇನೆ. ಆರನೇ ತರಗತಿಯ ಪಿಎಸ್‌ಎಲ್‌ಇ (ಪ್ರಾಥಮಿಕ ಶಾಲೆ ಮುಗಿಸುವ) ಪರೀಕ್ಷೆಯಲ್ಲಿ ಗಣಿತ, ವಿಜ್ಞಾನದ ಜೊತೆ ಈ ‘ಮಾತೃಭಾಷೆ’ಯೂ ಒಂದು ವಿಷಯ. ಸುಮ್ನೆ ಟಿಕ್ ಹಾಕಿ ಬರಬೇಡಿ. ದೊಡ್ಡ ತರಗತಿಗೆ ನಡುವೆ ಸೇರಿಸುವವರು ವಿನಾಯಿತಿ ಸಿಗುತ್ತದೆಯೇ ಅಂತ ಶಾಲೆಯಲ್ಲಿ ವಿಚಾರಿಸಿ.

ಕನ್ನಡ ಮಾತ್ರ ಮನೆಯಲ್ಲೇ ಆಗಬೇಕು. ಮಗ ಹಿಂದೆ ಬೀಳಬಾರದು ಅಂತ ಮೊದಲ ವರ್ಷ ಮನೆಯಲ್ಲೂ ಇಂಗ್ಲಿಷ್ ಮಾತಾಡಿದೆವು. ರಜೆಗೆ ಬಂದಾಗ ಆಯಿ (ನಮ್ಮಲ್ಲಿ ಅಜ್ಜಿಯನ್ನು ಹಾಗೇ ಕರೆಯುವುದು) ‘ಊಟ ಆತೇನಪಾ?’ ಅಂದರು. ಅವನು ನನ್ನ ಮುಖ ನೋಡಿದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂದಿನಿಂದ ಊಟಕ್ಕೆ ಕೂತಾಗ ಕನ್ನಡವೇ, ಅದೂ ನಮ್ಮ ಬೆಳಗಾವಿ ಕನ್ನಡ. ಭಾನುವಾರ ಆಯಿಗೆ ಫೋನ್ ಮಾಡುವುದು ಮಕ್ಕಳ ಕೆಲಸ. ಅಲ್ಲಿನ ಕನ್ನಡ ಸಂಘದವರ ಪರಿಚಯವನ್ನೂ ಮಾಡಿಕೊಳ್ಳಿ. ಹೊರಡುವ ಮುಂಚೆ ಒಂದನೇ, ಎರಡನೇ ತರಗತಿಯ ಕನ್ನಡ ಪುಸ್ತಕ ತಪ್ಪದೆ ಕೊಂಡುಕೊಳ್ಳಿ. ಮೊನ್ನೆ ಬಸ್ ನಿಲ್ದಾಣದಲ್ಲಿ ಮಗ ಒಂದೊಂದೇ ಅಕ್ಷರ ಕೂಡಿಸಿ ಬೋರ್ಡು ಓದಿದ: ‘ಬೈಲಹೊಂಗಲ’. ಆಯಿ ಅವನ ತಲೆ ಸವರಿದರು.