ಮೆಟ್ಟಿಲ ಮೇಲಿನ ಪೇಂಟ್ ಬಕೆಟ್

2022ರ ಸೆಪ್ಟೆಂಬರ್ 5ರ ಬೆಳಗಿನ ಜಾವ ನನ್ನ ‘ತುರ್ತು ಚೀಲ’ ಅತ್ತೆಯ ಮಂಚದ ಕೆಳಗಿನಿಂದ ತೇಲಿಕೊಂಡು ಬಾಗಿಲಿನವರೆಗೆ ಬಂದಿತ್ತು. ನಮ್ಮದು ಬೆಂಗಳೂರಿನ ವರ್ತೂರು ಕಡೆಯ ಬಡಾವಣೆಯಲ್ಲಿ ನೆಲಮಹಡಿಯ ಮನೆ. ಮಳೆನೀರು ಹರಿಯುವ ರಾಜಕಾಲುವೆ ಎರಡೇ ಬೀದಿ ಆಚೆ. ಅಂಥ ಮನೆಯಲ್ಲಿ ಪ್ರವಾಹಕ್ಕೆಂದು ಕಟ್ಟಿದ ಚೀಲವನ್ನು ನೆಲದ ಮೇಲೆ ಇಟ್ಟವಳು ನಾನೇ.

ಅದರಲ್ಲಿ ಇದ್ದದ್ದಾದರೂ ಏನು? ಯಾವುದೋ ಪಟ್ಟಿ ನೋಡಿ ತುಂಬಿದ ಹಗ್ಗ, ಸೀಟಿ, ಬೆಂಕಿಪೊಟ್ಟಣ, ಒಂದು ದಿಕ್ಸೂಚಿ. ನಮ್ಮ ಬೀದಿಯಲ್ಲಿ ಪೂರ್ವ ಯಾವ ಕಡೆ ಎಂಬುದು ದಿನಾ ರಂಗೋಲಿ ಹಾಕುವ ಅತ್ತೆಗೆ ಗೊತ್ತೇ ಇತ್ತು. ಟಾರ್ಚಿನೊಳಗೇ ಬಿಟ್ಟಿದ್ದ ಸೆಲ್ಲುಗಳು ಸೋರಿ ಅದು ಕೆಟ್ಟುಹೋಗಿತ್ತು.

ಮೇಲಿನ ಮನೆಯವರು ಬಾಗಿಲು ತೆರೆದು ಕರೆದರು. ಎರಡು ರಾತ್ರಿ ಅಲ್ಲೇ ಇದ್ದೆವು. ನಾನು ಚೀಲ ಕಟ್ಟುವಾಗ ಊಹಿಸಿಕೊಂಡಿದ್ದು ಮನೆ ಬಿಟ್ಟು ಓಡುವುದನ್ನು. ಆದದ್ದು ಒಂದು ಮಹಡಿ ಹತ್ತಿ ಕೂರುವುದು. ಓಡಲು ದಾರಿಯಾದರೂ ಎಲ್ಲಿತ್ತು? ಆ ದಿನಗಳಲ್ಲಿ ಹೊರವರ್ತುಲ ರಸ್ತೆಯ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋಗುತ್ತಿದ್ದರು.

ಮೊದಲು ಬಾಧಿಸಿದ್ದು ಕುಡಿಯುವ ನೀರು. ನೆಲದಡಿಯ ನೀರಿನ ತೊಟ್ಟಿಗೆ ಚರಂಡಿ ನೀರು ನುಗ್ಗಿತ್ತು. ಕರೆಂಟ್ ಇಲ್ಲದೆ ಬೋರ್‌ವೆಲ್ ಮೋಟಾರ್ ಓಡುವಂತಿರಲಿಲ್ಲ. ಅದೇ ಮಳೆಗೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರನ್ನು ಬೆಂಗಳೂರಿಗೆ ಎತ್ತಿ ಕಳಿಸುವ ಪಂಪ್‌ಹೌಸೇ ಮುಳುಗಿ, ನೆರೆ ಬಾರದ ಬಡಾವಣೆಗಳ ನಲ್ಲಿಗಳೂ ಒಣಗಿದವು. ಟ್ಯಾಂಕರ್ ಕರೆದರೆ, ‘ಗಾಡಿ ಒಳಗೆ ಬರುವುದಿಲ್ಲ ಮೇಡಂ’ ಎಂಬ ಉತ್ತರ.

ಈಗ ಇಪ್ಪತ್ತು ಲೀಟರಿನ ಎರಡು ಕ್ಯಾನ್ ಸದಾ ಹೆಚ್ಚುವರಿಯಾಗಿ ಇರುತ್ತವೆ. ತಲೆಗೆ ದಿನಕ್ಕೆ ಮೂರು ಲೀಟರಿನಂತೆ ನಾಲ್ಕು ಜನಕ್ಕೆ ಮೂರು ದಿನ ಸಾಕು. ಅವು ಇರುವುದು ಮೆಟ್ಟಿಲ ಮೇಲಿನ ತಿರುವಿನಲ್ಲಿ, ಬಿಸಿಲು ಬೀಳದ ಮೂಲೆಯಲ್ಲಿ. ಹೊಸ ಕ್ಯಾನ್ ಬಂದಾಗ ಹಳೆಯದನ್ನು ಬಳಕೆಗೆ ಇಳಿಸುತ್ತೇನೆ.

ಚೀಲದ ಬದಲು ಮುಚ್ಚಳವಿರುವ ಇಪ್ಪತ್ತು ಲೀಟರಿನ ಹಳೆಯ ಪೇಂಟ್ ಬಕೆಟ್ ಬಂದಿದೆ. ಮುಚ್ಚಳ ಬಿಗಿಯಾಗಿ ಕೂರುತ್ತದೆ, ಹಿಡಿ ಇದೆ, ಖಾಲಿ ಮಾಡಿದರೆ ಬಕೆಟ್ಟಾಗಿಯೇ ಕೆಲಸಕ್ಕೆ ಬರುತ್ತದೆ. ಒಳಗೆ ಅವಲಕ್ಕಿ, ಹುರಿಹಿಟ್ಟು, ಬೆಲ್ಲ, ಚಟ್ನಿಪುಡಿ, ಕಡಲೆಕಾಯಿ ಚಿಕ್ಕಿ. ಬೇಯಿಸಬೇಕಾದದ್ದು ಒಂದೂ ಇಲ್ಲ. ಟಾರ್ಚ್ ಒಂದು ಕಡೆ, ಸೆಲ್ಲುಗಳು ಇನ್ನೊಂದು ಕಡೆ. ಓಆರ್‌ಎಸ್ ಪೊಟ್ಟಣ, ಪವರ್ ಬ್ಯಾಂಕ್, ಆಧಾರ್ ಮತ್ತು ಮನೆಪತ್ರಗಳ ನಕಲು, ಹತ್ತರಿಂದ ನೂರರವರೆಗಿನ ಚಿಲ್ಲರೆ ನೋಟುಗಳು. ನೆಟ್‌ವರ್ಕ್ ಹೋದ ದಿನ ಫೋನಿನಲ್ಲಿ ದುಡ್ಡಿದ್ದೂ ಹಾಲು ಸಿಗದೆ ವಾಪಸಾದವಳು ನಾನು.

ಹೆಚ್ಚು ತಲೆ ಕೆಡಿಸಿದ್ದು ಅತ್ತೆಯ ಇನ್ಸುಲಿನ್. ಅಂದು ಫ್ರಿಜ್ ನಿಂತಿತೆಂದು ಗಾಬರಿಬಿದ್ದ ನಮ್ಮ ಯಜಮಾನರು ಎಲ್ಲಿಂದಲೋ ಮಂಜುಗಡ್ಡೆ ತಂದು ಸೀಸೆಯನ್ನು ಅದರ ನಡುವೆಯೇ ಹೂತಿಟ್ಟರು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸಬಾರದು, ಎಸೆಯಿರಿ ಎಂದರು ವೈದ್ಯರು. ಬಳಕೆಯಲ್ಲಿರುವ ಸೀಸೆಯನ್ನು ಮೂವತ್ತು ಡಿಗ್ರಿಯೊಳಗೆ ಇಟ್ಟರೆ ಸುಮಾರು ನಾಲ್ಕು ವಾರ ಫ್ರಿಜ್ಜೇ ಬೇಕಾಗಿಲ್ಲ ಎಂದೂ ಹೇಳಿದರು. ಔಷಧಕ್ಕೆ ತಕ್ಕಂತೆ ದಿನ ಬದಲಾಗುವುದರಿಂದ ಪೆಟ್ಟಿಗೆಯ ಮೇಲಿನ ಸೂಚನೆಯೇ ಅಂತಿಮ. ಬಕೆಟ್ಟಿನ ಪಕ್ಕ ಈಗ ಎರಡು ಮಣ್ಣಿನ ಮಡಕೆಗಳಿವೆ. ದೊಡ್ಡದರೊಳಗೆ ಚಿಕ್ಕದನ್ನಿಟ್ಟು, ನಡುವೆ ಒದ್ದೆ ಮರಳು ತುಂಬಿ, ಒಳಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಸೆ. ಬೇಸಿಗೆಯಲ್ಲಿ ಕೈಯಿಟ್ಟು ನೋಡಿದ್ದೇನೆ, ತಂಪಾಗಿಯೇ ಇರುತ್ತದೆ.

ಮುಚ್ಚಳದ ಒಳಗೆ ಒಂದು ಹಾಳೆ ಅಂಟಿಸಿದ್ದೇನೆ. ನೀರು ಅಂಗಳಕ್ಕೆ ಬಂದ ಕೂಡಲೇ ಮೇನ್ ಸ್ವಿಚ್ ಆಫ್. ಕಾಲು ನೀರಿನಲ್ಲಿದ್ದರೆ ಸ್ವಿಚ್ ಬೋರ್ಡ್ ಮುಟ್ಟಬಾರದು. ಆಮೇಲೆ ಸಿಲಿಂಡರಿನ ರೆಗ್ಯುಲೇಟರ್, ಆಮೇಲೆ ಅತ್ತೆ ಮತ್ತು ಅವರ ಔಷಧ. ಕೆಳಗೆ ಫೋನ್ ನಂಬರುಗಳು: ತುರ್ತಿಗೆ 112, ಬೆಸ್ಕಾಂ 1912, ಜಲಮಂಡಳಿ 1916, ಮೇಲಿನ ಮನೆಯವರದು, ಊರಿನ ಭಾವನದು. ಮೊಬೈಲ್ ಸತ್ತಾಗ ನನಗೆ ನೆನಪಿದ್ದದ್ದು ಮದುವೆಗೆ ಮುಂಚಿನ ತವರುಮನೆಯ ಲ್ಯಾಂಡ್‌ಲೈನ್ ಒಂದೇ.

ಬಕೆಟ್ಟಿನಲ್ಲಿ ಹಿಡಿಸದ ಗಮ್‌ಬೂಟ್ ಮತ್ತು ಕೋಲು ಬಾಗಿಲ ಹಿಂದೆ ಇವೆ. ಬೀದಿಯ ನೀರಿನಡಿ ತೆರೆದ ಮ್ಯಾನ್‌ಹೋಲ್ ಇರಬಹುದು, ಬರಿಗಾಲಿಗೆ ಗಾಯವಿದ್ದರೆ ಇಲಿಜ್ವರದ ಭಯವೂ ಇದೆ. ಕೋಲು ಊರಿ ನೋಡದೆ ಹೆಜ್ಜೆ ಇಡಬೇಡ ಎಂದು ಮಗನಿಗೆ ಹೇಳಿ ಹೇಳಿ ಸಾಕಾಗಿದೆ.

ಒಂದು ಭಾನುವಾರ ಬೇಕೆಂದೇ ಮೇನ್ ಸ್ವಿಚ್ ಇಳಿಸಿ, ನಲ್ಲಿ ಮುಟ್ಟದೆ ದಿನವಿಡೀ ಕಳೆದೆವು. ಶೌಚಕ್ಕೆ ಎಷ್ಟು ನೀರು ಬೇಕೆಂಬುದು ಅಂದೇ ತಿಳಿದದ್ದು. ಕುಡಿಯುವ ನೀರಿನ ಲೆಕ್ಕ ಅದರ ಮುಂದೆ ಏನೂ ಅಲ್ಲ. ಮೋಡ ಕವಿದರೆ ತಾರಸಿಯ ಡ್ರಮ್ಮುಗಳನ್ನು ತುಂಬಿಸಿಡುವ ಅಭ್ಯಾಸ ಆಗಿನಿಂದ ಬಂದಿದೆ.

ಯುಗಾದಿಗೊಮ್ಮೆ, ಗಣೇಶನ ಹಬ್ಬಕ್ಕೊಮ್ಮೆ ಬಕೆಟ್ ಬಿಚ್ಚಿ ನೋಡುತ್ತೇನೆ. ಹೋದ ಸಲ ಚಿಕ್ಕಿ ಅರ್ಧವೂ ಇರಲಿಲ್ಲ. ಮಗನನ್ನು ಗದರಿದೆ. ಅವನು ಮಾತಾಡದೆ ಅಜ್ಜಿಯ ಕಡೆ ನೋಡಿದ. ‘ಹಳೆಯದಾಗಿ ಕೆಡುವುದಕ್ಕಿಂತ ತಿನ್ನುವುದು ವಾಸಿಯಲ್ಲವೇನಮ್ಮಾ’ ಎಂದರು ಅತ್ತೆ. ಈಗ ಚಿಕ್ಕಿಯ ಜಾಗದಲ್ಲಿ ಹುರಿಗಡಲೆ ಇದೆ. ಸಕ್ಕರೆ ತೀರಾ ಇಳಿದರೆ ಬೇಕೆಂದು ಇಟ್ಟ ಗ್ಲೂಕೋಸ್ ಪುಡಿ ಮಾತ್ರ ಹಾಗೆಯೇ ಇದೆ. ಅದನ್ನು ಅವರು ಇನ್ನೂ ಮುಟ್ಟಿಲ್ಲ.